ಬೇಸಿಗೆಯ ರಿಸರ್ಚ್‌ಗೆ ದಸರಾದಿಂದಲೇ ತಯಾರಿ: ನಮ್ಮ ಕಡೆಯ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಯಾರಾದರೂ ಒಬ್ಬರು ನನ್ನ ಸ್ಟಾಫ್ ರೂಮಿಗೆ ಬಂದೇ ಬರುತ್ತಾರೆ. "ಸರ್, ಈ ಬ್ಯಾಸಗ್ಯಾಗ ಯಾವುದಾರ ಐಐಟಿಯೊಳಗ ರಿಸರ್ಚ್ ಇಂಟರ್ನ್‌ಶಿಪ್ ಮಾಡ್ಬೇಕಂತ ಐತ್ರಿ. ಯಾರಿಗೆ ಬರೀಲಿ?" ಚೆನ್ನಾಗಿ ಓದುವ ಮಕ್ಕಳು. ಕಷ್ಟಪಡುವುದಕ್ಕೂ ತಯಾರಿರುತ್ತಾರೆ. ಆದರೆ ಅಷ್ಟೊತ್ತಿಗೆ ಮುಕ್ಕಾಲು ಪಾಲು ಅರ್ಜಿಗಳ ದಿನಾಂಕ ಮುಗಿದಿರುತ್ತದೆ. "ಮುಂದಿನ ವರ್ಷ ನೋಡೋಣಪ್ಪಾ" ಎಂದು ಹೇಳುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಮೂರನೇ ವರ್ಷ ಓದುತ್ತಿರುವವರಿಗೆ ಇನ್ನೊಂದು ಬೇಸಿಗೆ ಎಲ್ಲಿದೆ?

ಬೆಂಗಳೂರಿನಲ್ಲಿ ಓದುವವರಿಗೆ ಸೀನಿಯರ್‌ಗಳು ಮೊದಲೇ ಎಚ್ಚರಿಸುತ್ತಾರೆ. ಗದಗ, ಹಾವೇರಿ ಕಡೆಯ ಮಕ್ಕಳಿಗೆ ಈ ಸುದ್ದಿ ತಲುಪುವುದು ತಡ. ಹಾಗಾಗಿ ನನಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ನೋಡಿದ ಹಾಗೆ ಕೊನೆಗೆ ಕೈ ಹಿಡಿಯುವುದು ಎರಡು: ಅರ್ಜಿ ಹಾಕುವ ಮೊದಲೇ ಮಾಡಿ ಮುಗಿಸಿದ ಒಂದು ಸಣ್ಣ ಕೆಲಸ, ಮತ್ತು ಅದನ್ನು ಹೊತ್ತಿಗೆ ಸರಿಯಾಗಿ ತಕ್ಕವರ ಮುಂದೆ ಇಡುವುದು.

ಮೊದಲು, ಇದು ಏನು ಅಂತ ತಿಳಿಯಿರಿ

ಕಂಪನಿ ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಬೇಕು ಅಂತ ಅವರೇ ಹೇಳುತ್ತಾರೆ, ನೀವು ಮಾಡಿ ಮುಗಿಸುತ್ತೀರಿ. ರಿಸರ್ಚ್‌ನಲ್ಲಿ ಉತ್ತರ ನಿಮ್ಮ ಗೈಡ್‌ಗೂ ಗೊತ್ತಿರುವುದಿಲ್ಲ. ಎಂಟು ವಾರದಲ್ಲಿ ಐದು ವಾರ ನೀವು ಮಾಡಿದ ಯಾವುದೂ ಫಲ ಕೊಡದೆ ಹೋಗಬಹುದು, ಆರನೇ ವಾರ ಯಾಕೆ ಆಗಲಿಲ್ಲ ಅಂತ ಹೊಳೆಯಬಹುದು. ಅದೂ ಫಲಿತಾಂಶವೇ. ಎಂ.ಟೆಕ್, ಪಿಎಚ್‌ಡಿ ಕಡೆ ಮನಸ್ಸಿದ್ದರೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮನಸ್ಸಿಲ್ಲದಿದ್ದರೆ ಎರಡು ತಿಂಗಳು ಸುಮ್ನೆ ಒದ್ದಾಡಬೇಡಿ, ಕಂಪನಿಗೇ ಹೋಗಿ.

ಹಂತ 1: ಕ್ಯಾಲೆಂಡರ್ ಗೋಡೆಗೆ ಹಾಕಿ

ನಾನು ಹುಡುಗರಿಗೆ ಹಬ್ಬಗಳ ಲೆಕ್ಕದಲ್ಲಿ ಹೇಳುತ್ತೇನೆ, ನೆನಪಿನಲ್ಲಿ ಉಳಿಯುತ್ತದೆ. ಗಣಪತಿ ಕೂರಿಸುವ ಹೊತ್ತಿಗೆ ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಅರ್ಜಿ ನಡೆದಿರುತ್ತದೆ. ಅದು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ 12 ವಾರದ ರಿಸರ್ಚ್ ಇಂಟರ್ನ್‌ಶಿಪ್ ಕಾರ್ಯಕ್ರಮ, ಅರ್ಜಿ ಮಾತ್ರ ಹಿಂದಿನ ವರ್ಷವೇ ಹಾಕಬೇಕು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವ ದಿನಕ್ಕೆ ಭಾರತದ ಮೂರು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ನಿಮ್ಮ ತಲೆಯಲ್ಲಿರಬೇಕು, ಅದು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ದೀಪಾವಳಿ ಆಸುಪಾಸಿನಲ್ಲಿ ಜರ್ಮನಿಯ ಡಿಎಎಡಿ ವೈಸ್ ಎಂಬ ರಿಸರ್ಚ್ ಸ್ಕಾಲರ್‌ಶಿಪ್‌ನ ಅರ್ಜಿ ಮುಗಿಯುತ್ತದೆ. ಸಂಕ್ರಾಂತಿಯಿಂದ ಯುಗಾದಿವರೆಗೆ ಐಐಟಿಗಳ ಸರದಿ. ಪ್ರತಿ ವರ್ಷ ದಿನಾಂಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆಯಾ ಸಂಸ್ಥೆಯ ವೆಬ್‌ಸೈಟ್ ನೋಡಿಯೇ ನಂಬಿ. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಪಿಡಿಎಫ್ ಹೋದ ವರ್ಷದ್ದಿರುತ್ತದೆ.

ಹಂತ 2: ಒಂದು ಪ್ರಶ್ನೆ ಹುಡುಕಿ, ಮನೆ ಹತ್ತಿರ ಸಿಕ್ಕರೂ ಸರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಉಳಿದ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

"ನನಗೆ ಮಷಿನ್ ಲರ್ನಿಂಗ್ ಇಷ್ಟ" ಅಂದರೆ ಅದು ಪ್ರಶ್ನೆ ಆಗುವುದಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ಕಡೆಯಿಂದ ಬಂದ ಒಬ್ಬಳು ವಿದ್ಯಾರ್ಥಿನಿ ಹೀಗೇ ಹೇಳಿಕೊಂಡು ಬಂದಿದ್ದಳು. ನಿಮ್ಮೂರ ಹತ್ತಿರ ಏನಿದೆಯಮ್ಮಾ ಎಂದು ಕೇಳಿದೆ. ಮಾಗಡಿ ಕೆರೆ ಐತ್ರಿ ಅಂದಳು. ಚಳಿಗಾಲದಲ್ಲಿ ಅಲ್ಲಿಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. "ಒಂದು ಫೋಟೋದಲ್ಲಿ ಎಷ್ಟು ಹಕ್ಕಿ ಇವೆ ಅಂತ ಕಂಪ್ಯೂಟರ್ ಸರಿಯಾಗಿ ಎಣಿಸುತ್ತಾ?" ಅಷ್ಟೇ ಪ್ರಶ್ನೆ.

ಅವಳು ದಂಡೆಯ ಮೇಲೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದಳು. ಚಿತ್ರದಲ್ಲಿರುವ ವಸ್ತುಗಳನ್ನು ಗುರುತಿಸುವ ಯೋಲೋ ಎಂಬ ಸಿದ್ಧ ಮಾಡೆಲ್ ಹಾಕಿ ನೋಡಿದಳು. ಅದು ಕಲಿತದ್ದು ಕೋಕೋ ಎಂಬ ಚಿತ್ರಸಂಗ್ರಹದಿಂದ, ಅದರ 80 ವರ್ಗಗಳಲ್ಲಿ ಹಕ್ಕಿಯೂ ಒಂದು. ಒಂದು ಫೋಟೋದಲ್ಲಿ ಅವಳು ಬೆರಳಿಟ್ಟು ಎಣಿಸಿದಾಗ 143 ಹಕ್ಕಿ, ಪ್ರೋಗ್ರಾಮ್ ಹೇಳಿದ್ದು 61. ದೂರದ ಹಕ್ಕಿಗಳು ಚುಕ್ಕಿಯಷ್ಟೇ ಕಾಣುತ್ತಿದ್ದವು. ಫೋಟೋವನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದೊಂದನ್ನೂ ದೊಡ್ಡದು ಮಾಡಿ ಕೊಟ್ಟಳು. ಎಣಿಕೆ ಏರಿತು, ಆದರೆ ಈಗ ಎರಡು ಚೌಕಗಳ ಅಂಚಿನಲ್ಲಿ ಕೂತ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬಂತು. ನೀರಿನಲ್ಲಿ ಬಿದ್ದ ನೆರಳನ್ನೂ ಅದು ಕೆಲವು ಕಡೆ ಹಕ್ಕಿ ಅಂದಿತು. ಇವನ್ನೆಲ್ಲ ಅವಳು ನಾಲ್ಕು ಪುಟದಲ್ಲಿ ಬರೆದಿಟ್ಟಳು. ಎಲ್ಲಿ ತಪ್ಪಾಯಿತು, ಯಾಕೆ ತಪ್ಪಾಯಿತು, ಏನು ಮಾಡಿದ್ದಕ್ಕೆ ಎಷ್ಟು ಸರಿಹೋಯಿತು, ಇನ್ನೂ ಏನು ಉಳಿದಿದೆ. ಆ ನಾಲ್ಕು ಪುಟ ಅವಳ ಹತ್ತು ಸರ್ಟಿಫಿಕೇಟ್‌ಗಿಂತ ಜಾಸ್ತಿ ಕೆಲಸ ಮಾಡಿತು.

ಇಂಥ ಪ್ರಶ್ನೆ ನಮ್ಮ ಸುತ್ತ ಬೇಕಾದಷ್ಟಿವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಡಬ್ಬಿ ಮೆಣಸಿನಕಾಯಿ, ಕಡ್ಡಿ ಮೆಣಸಿನಕಾಯಿ ಎರಡನ್ನೂ ಫೋಟೋ ನೋಡಿ ಬೇರೆ ಮಾಡಬಹುದಾ? ಫೋನಿಗೆ "ಏನ್ ಮಾಡಾಕತ್ತೀರಿ" ಅಂದರೆ ಅದು ಏನಂತ ಬರೆದುಕೊಳ್ಳುತ್ತದೆ? ನಿಮ್ಮ ಅಜ್ಜಿಯ ಹತ್ತು ನಿಮಿಷದ ಮಾತು ರೆಕಾರ್ಡ್ ಮಾಡಿ, ಮಾತಿನಿಂದ ಅಕ್ಷರ ಮಾಡುವ ಯಾವುದಾದರೂ ಉಚಿತ ಮಾಡೆಲ್‌ಗೆ ಕೊಟ್ಟು, ನೂರು ಪದದಲ್ಲಿ ಎಷ್ಟು ತಪ್ಪು ಅಂತ ಲೆಕ್ಕ ಹಾಕಿ. ಯಾವ ತಪ್ಪು ಮತ್ತೆ ಮತ್ತೆ ಬರುತ್ತದೆ ಅಂತ ಗುಂಪು ಮಾಡಿ. ಧಾರವಾಡದ ಮಾತು ಕಿವಿಯಲ್ಲಿ ಇಟ್ಟುಕೊಂಡು ಬೆಳೆದ ನಿಮಗೆ ಆ ತಪ್ಪು ತಕ್ಷಣ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಐಐಎಸ್‌ಸಿಯ ರೆಸ್ಪಿನ್ ಯೋಜನೆ ಒಂಬತ್ತು ಭಾರತೀಯ ಭಾಷೆಗಳ ಮಾತನ್ನು ಗುರುತಿಸುವ ಕೆಲಸ ಮಾಡಿದೆ, ಅದರಲ್ಲಿ ಕನ್ನಡವೂ ಇದೆ. ಐಐಟಿ ಮದ್ರಾಸಿನ ಎಐ4ಭಾರತ್ ಗುಂಪು 2023ರಲ್ಲಿ 22 ಭಾಷೆಗಳ ಅನುವಾದದ ಮಾಡೆಲ್ ಅನ್ನು ಎಲ್ಲರಿಗೂ ತೆರೆದಿಟ್ಟಿತು. ಅದನ್ನು ಇಳಿಸಿಕೊಂಡು ನಮ್ಮ ಕನ್ನಡದ ಮೇಲೆ ನೀವೇ ಪರೀಕ್ಷೆ ಮಾಡಬಹುದು.

ಥಿಯರಿ ಇಷ್ಟಪಡುವವರಿಗೆ ಡೇಟಾ, ಕ್ಯಾಮೆರಾ ಯಾವುದೂ ಬೇಡ. ಅಲ್ಗಾರಿದಮ್ ಪುಸ್ತಕದ ಕಷ್ಟದ ಲೆಕ್ಕಗಳನ್ನು ಬಿಡಿಸಿ, ನಿಮ್ಮದೇ ಮಾತಿನಲ್ಲಿ ಪ್ರೂಫ್ ಬರೆದಿಡಿ. ಅದೇ ನಿಮ್ಮ ಸಣ್ಣ ಕೆಲಸ.

ಹಂತ 3: ಒಂದು ಸಂಶೋಧನಾ ಪೇಪರ್ ಪೂರ್ತಿ ಓದಿ

ಭಾಷೆಗೆ ಸಂಬಂಧಿಸಿದ ಪೇಪರ್‌ಗಳು ಎಸಿಎಲ್ ಆಂಥಾಲಜಿ ಎಂಬ ವೆಬ್‌ಸೈಟಿನಲ್ಲಿ ಉಚಿತ. ಉಳಿದವು ಬಹುಮಟ್ಟಿಗೆ ಆರ್ಕೈವ್ (arXiv) ಎಂಬ ಉಚಿತ ವೆಬ್‌ಸೈಟಿನಲ್ಲಿ ಸಿಗುತ್ತವೆ, ಅದು 1991ರಿಂದ ಇದೆ. ದುಡ್ಡು ಕೊಟ್ಟು ಯಾವುದನ್ನೂ ಕೊಳ್ಳಬೇಡಿ. ಮೊದಲ ಸಲ ಸಾರಾಂಶ, ಚಿತ್ರಗಳು, ಕೊನೆಯ ಪುಟ ಅಷ್ಟೇ ನೋಡಿ. ಎರಡನೇ ಸಲ ಪೆನ್ನು ಹಿಡಿದು ಕೂತು, ಅವರು ಯಾವುದರ ಜೊತೆ ಹೋಲಿಸಿದ್ದಾರೆ, ಯಾವ ಡೇಟಾ ಬಳಸಿದ್ದಾರೆ ಎಂದು ಬರೆದುಕೊಳ್ಳಿ. ಮೂರನೇ ಸಲ ಅವರ ಕೋಡ್ ಇದ್ದರೆ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಓಡಿಸಿ, ಅವರು ಕೊಟ್ಟ ಒಂದು ಟೇಬಲ್ಲಿನ ಒಂದೇ ಒಂದು ಸಾಲು ನಿಮಗೂ ಬರುತ್ತದಾ ನೋಡಿ. ಬರದಿದ್ದರೆ ಗಾಬರಿ ಬೇಡ. ಯಾಕೆ ಬರಲಿಲ್ಲ ಎಂಬ ಟಿಪ್ಪಣಿ ಪ್ರೊಫೆಸರ್‌ಗೆ ಬರೆಯುವ ಪತ್ರದಲ್ಲಿ ನಿಮ್ಮ ಅತಿ ಬೆಲೆಯುಳ್ಳ ಸಾಲು ಆಗಬಹುದು. ಬುನಾದಿ ಕಡಿಮೆ ಅನಿಸಿದರೆ ಐಐಟಿ, ಐಐಎಸ್‌ಸಿ ಅಧ್ಯಾಪಕರು ಆನ್‌ಲೈನ್‌ನಲ್ಲಿ ಕೊಡುವ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ, ಪರೀಕ್ಷೆಗೆ ಮಾತ್ರ ಫೀ.

ಹಂತ 4: ಎಲ್ಲೆಲ್ಲಿ ಅವಕಾಶ ಇದೆ

ಮನೆಯಿಂದಲೇ ಶುರು ಮಾಡೋಣ. 2016ರಲ್ಲಿ ಧಾರವಾಡದ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಶುರುವಾದ ಐಐಟಿ ಧಾರವಾಡ ಈಗ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್‌ನಲ್ಲಿದೆ. 2015ರ ಐಐಐಟಿ ಧಾರವಾಡ ತಡಸಿನಕೊಪ್ಪದಲ್ಲಿದೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಕೆಎಲ್‌ಇ ಟೆಕ್ ಇದೆ, ನಮ್ಮ ಹಿರಿಯರಿಗೆ ಅದು ಇನ್ನೂ ಬಿವಿಬಿ. ಈ ಮೂರರ ಅಧ್ಯಾಪಕರ ಪುಟಗಳನ್ನು ಒಂದು ಭಾನುವಾರ ಕೂತು ಪೂರ್ತಿ ಓದಿ. ಹುಬ್ಬಳ್ಳಿ-ಧಾರವಾಡದವರು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಹತ್ತಿ ದಿನಾ ಓಡಾಡಿಯೇ ಕೆಲಸ ಮಾಡಬಹುದು, ಹಾಸ್ಟೆಲ್ ಖರ್ಚಿಲ್ಲ. ಬೇಸಿಗೆ ಮುಗಿದ ಮೇಲೂ ಶನಿವಾರ ಹೋಗಿ ಅದನ್ನೇ ಮುಂದುವರಿಸಬಹುದು. ಇದು ದೂರದ ದೊಡ್ಡ ಹೆಸರುಗಳಲ್ಲಿ ಸಿಗದ ಅನುಕೂಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನೂ ಮರೆಯಬೇಡಿ. ಬೆಳೆ ರೋಗದ ಬಗ್ಗೆ ಗೊತ್ತಿರುವವರು ಅಲ್ಲಿದ್ದಾರೆ, ಕೋಡ್ ಬರೆಯಲು ನೀವಿದ್ದೀರಿ.

ಇನ್ನು ಹೊರಗೆ. ಅಕಾಡೆಮಿಗಳ ಫೆಲೋಶಿಪ್ ಸಿಕ್ಕರೆ ದೇಶದ ಯಾವುದಾದರೂ ಸಂಸ್ಥೆಯಲ್ಲಿ ಎರಡು ತಿಂಗಳು, ಸ್ಟೈಪೆಂಡ್ ಜೊತೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ಅಕಾಡೆಮಿ ಮೂರೂ ಸೇರಿ ಇದನ್ನು ನಡೆಸುತ್ತವೆ. ಐಐಟಿ ಮದ್ರಾಸಿನ ಸಮ್ಮರ್ ಫೆಲೋಶಿಪ್, ಐಐಟಿ ಕಾನ್ಪುರದ ಸರ್ಜ್, ಐಐಟಿ ಗಾಂಧಿನಗರದ ಎಸ್‌ಆರ್‌ಐಪಿ, ಈ ಮೂರೂ ಬೇಸಿಗೆ ರಿಸರ್ಚ್ ಕಾರ್ಯಕ್ರಮಗಳಿಗೆ ಬೇರೆ ಬೇರೆ ಅರ್ಜಿ. ಥಿಯರಿಯವರು ಮುಂಬೈ ಟಿಐಎಫ್‌ಆರ್ (ಟಾಟಾ ಮೂಲ ಸಂಶೋಧನಾ ಸಂಸ್ಥೆ) ನಡೆಸುವ ಬೇಸಿಗೆ ಕಾರ್ಯಕ್ರಮ ವಿಎಸ್‌ಆರ್‌ಪಿ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಎರಡನ್ನೂ ನೋಡಿ. ಎರಡು ತಿಂಗಳು ಮನೆ ಬಿಡಲು ಆಗದವರಿಗೆ ಕಂಪ್ಯೂಟರ್ ಸೈನ್ಸ್‌ನವರ ಸಂಘ ಎಸಿಎಂ ಇಂಡಿಯಾ ಬೇಸಿಗೆ ಶಾಲೆಗಳನ್ನು ನಡೆಸುತ್ತದೆ, ಒಂದೇ ವಿಷಯದ ಮೇಲೆ ಕೆಲವೇ ದಿನಗಳ ಗಟ್ಟಿ ಪಾಠ.

ವಿದೇಶದಲ್ಲಿ ಮೈಟ್ಯಾಕ್ಸ್, ಡಿಎಎಡಿ ವೈಸ್ ಬಿಟ್ಟರೆ ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಮತ್ತು ಇಟಿಎಚ್ ಜ್ಯೂರಿಕ್‌ನ ಕಂಪ್ಯೂಟರ್ ಸೈನ್ಸ್ ವಿಭಾಗಗಳು ಹೊರಗಿನ ವಿದ್ಯಾರ್ಥಿಗಳನ್ನು ಬೇಸಿಗೆಗೆ ಕರೆಸುತ್ತವೆ. ಪೈಪೋಟಿ ಬಹಳ, ಆದರೂ ಅರ್ಜಿ ಹಾಕಿ. ವೈಸ್‌ಗೆ ಮೊದಲು ಜರ್ಮನಿಯ ಪ್ರೊಫೆಸರ್ ಒಬ್ಬರಿಂದ ಒಪ್ಪಿಗೆ ಪತ್ರ ಬೇಕು, ಅಂದರೆ ಆಗಸ್ಟ್‌ನಲ್ಲೇ ಪತ್ರ ಬರೆಯಬೇಕು. ಪದವಿ ವಿದ್ಯಾರ್ಥಿಗಳಿಗೆ ರಿಸರ್ಚ್ ಮಾಡಿಸುವ ಅಮೆರಿಕದ ಆರ್‌ಇಯು ಎಂಬ ಹೆಸರು ತುಂಬ ಕೇಳಿಬರುತ್ತದೆ. ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್‌ನ ಹಣದಿಂದ ನಡೆಯುವ ಈ ಕಾರ್ಯಕ್ರಮ ಬಹುತೇಕ ಆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಅದಕ್ಕೆ ಸಮಯ ಕೊಡಬೇಡಿ.

ಬಿಸಿಎ ಓದುವವರು ಪ್ರತಿ ಕಾರ್ಯಕ್ರಮದ ಅರ್ಹತೆಯ ಸಾಲು ಮೊದಲು ಓದಿ, ಕೆಲವು ಬಿಇ, ಬಿ.ಟೆಕ್‌ನವರಿಗಷ್ಟೇ ಇರುತ್ತವೆ. ಪ್ರೊಫೆಸರ್‌ಗೆ ನೇರವಾಗಿ ಪತ್ರ ಬರೆಯುವುದಕ್ಕೆ ಮಾತ್ರ ಯಾರ ತಡೆಯೂ ಇಲ್ಲ.

ಹಂತ 5: ಪತ್ರ

ನಮ್ಮಲ್ಲೇ ಒಬ್ಬ ಹುಡುಗ ನಲವತ್ತು ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಕಳಿಸಿದ. ನಲವತ್ತೂ ವಿಳಾಸ ಮೇಲೆ ಸಾಲಾಗಿ ಕಾಣುತ್ತಿದ್ದವು. ಒಂದು ಉತ್ತರವೂ ಬರಲಿಲ್ಲ. ಆಮೇಲೆ ಕೂತು ಆರು ಜನರನ್ನು ಆರಿಸಿ, ಪ್ರತಿಯೊಬ್ಬರ ಒಂದು ಪೇಪರ್ ಓದಿ, ಆರು ಬೇರೆ ಪತ್ರ ಬರೆದ. ಇಬ್ಬರು ಉತ್ತರಿಸಿದರು. ಒಬ್ಬರು ಕರೆದರು.

ಪತ್ರ ಇಂಗ್ಲಿಷಿನಲ್ಲೇ ಹೋಗಬೇಕು, ಆದರೆ ಮೊದಲು ಕನ್ನಡದಲ್ಲಿ ಯೋಚಿಸಿ ಬರೆಯಿರಿ. ಆಗ ಸುಮ್ನೆ ತುಂಬಿದ ಮಾತುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಹೀಗಿರಲಿ:

"ಮಾನ್ಯರೇ, ನಾನು ಗದಗದ ಕಾಲೇಜೊಂದರಲ್ಲಿ ಮೂರನೇ ವರ್ಷದ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ದಟ್ಟ ಗುಂಪಿನಲ್ಲಿ ವಸ್ತುಗಳನ್ನು ಎಣಿಸುವ ನಿಮ್ಮ ಪೇಪರ್ ಓದಿ, ಅದರ ಕೋಡನ್ನು ನಮ್ಮೂರ ಕೆರೆಯ ಹಕ್ಕಿಗಳ ಫೋಟೋಗಳ ಮೇಲೆ ಓಡಿಸಿದೆ. ಹತ್ತಿರದ ಹಕ್ಕಿಗಳ ಎಣಿಕೆ ಸರಿ ಬಂತು, ನೀರಿನ ನೆರಳು ಇರುವ ಕಡೆ ಜಾಸ್ತಿ ಬಂತು. ವಿವರ ನಾಲ್ಕು ಪುಟದ ಟಿಪ್ಪಣಿಯಲ್ಲಿದೆ, ಲಿಂಕ್ ಕೆಳಗಿದೆ. ಮೇ 20ರಿಂದ ಜುಲೈ 15ರವರೆಗೆ ನಿಮ್ಮ ಲ್ಯಾಬ್‌ನಲ್ಲಿ ಈ ದಿಕ್ಕಿನಲ್ಲಿ ಕೆಲಸ ಮಾಡಲು ಅವಕಾಶ ಇದೆಯೇ? ಸಿವಿ ಮತ್ತು ಅಂಕಪಟ್ಟಿ ಜೊತೆಗಿಟ್ಟಿದ್ದೇನೆ."

ಇಷ್ಟು ಸಾಕು. ನಿಮ್ಮ ಬಾಲ್ಯದ ಕನಸು ಬೇಡ. ಅವರನ್ನು ಹೊಗಳುವುದೂ ಬೇಡ. ಕೋಡ್ ಅನ್ನು ಎಲ್ಲರೂ ನೋಡುವ ಹಾಗೆ ಗಿಟ್‌ಹಬ್ ವೆಬ್‌ಸೈಟಿನಲ್ಲಿ ಇಡಿ, ಹೇಗೆ ಓಡಿಸಬೇಕು ಎಂದು ನಾಲ್ಕು ಸಾಲು ಬರೆದಿಡಿ. ಕಳಿಸುವ ಮುನ್ನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಓಡುತ್ತದಾ ನೋಡಿ. ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಂದೇ ಒಂದು ನೆನಪಿನ ಮೇಲ್. ಆಮೇಲೂ ಬರದಿದ್ದರೆ ಬೇಜಾರು ಮಾಡಿಕೊಳ್ಳದೆ ಮುಂದಿನವರಿಗೆ ಬರೆಯಿರಿ.

"ಸರ್, ನಂದು ಸಿಜಿಪಿಎ 7.4 ಐತ್ರಿ, ಆಗ್ತೈತೇನ್ರಿ?" ಎಂದು ಬಹಳ ಜನ ಕೇಳುತ್ತಾರೆ. ಅರ್ಜಿ ತುಂಬಿ ಹಾಕುವ ಕಾರ್ಯಕ್ರಮಗಳಲ್ಲಿ ಅಂಕಕ್ಕೆ ತೂಕ ಇದೆ, ಅದನ್ನು ಮುಚ್ಚಿಡುವುದಿಲ್ಲ. ನೇರ ಪತ್ರದಲ್ಲಿ ಅಷ್ಟಿಲ್ಲ. ಅಲ್ಲಿ ಕೆಲಸ ಮಾತಾಡುತ್ತದೆ. ಬ್ಯಾಕ್‌ಲಾಗ್ ಇದ್ದರೆ ಮಾತ್ರ ಮೊದಲು ಅದನ್ನು ತೆಗೆಯಿರಿ.

ಹಂತ 6: ಶಿಫಾರಸು ಪತ್ರ ಮತ್ತು ಕಾಲೇಜಿನ ಕಾಗದ

ನಿಮಗೆ ಶಿಫಾರಸು ಬರೆಯುವ ಮೇಡಂ ಅಥವಾ ಸರ್‌ಗೆ ನಿಮ್ಮ ಮುಖ ಮಾತ್ರ ಗೊತ್ತಿದ್ದರೆ ಪತ್ರವೂ ಅಷ್ಟೇ ತೆಳ್ಳಗಿರುತ್ತದೆ. ಕನಿಷ್ಠ ಮೂರು ವಾರ ಮೊದಲು ಹೋಗಿ ಕೇಳಿ. ಹೋಗುವಾಗ ಒಂದು ಹಾಳೆಯಲ್ಲಿ ನೀವು ಅವರ ಕೈಕೆಳಗೆ ಮಾಡಿದ ಕೆಲಸ, ಅರ್ಜಿಯ ಕೊನೆಯ ದಿನ, ಲಿಂಕ್ ಎಲ್ಲ ಬರೆದು ಕೊಡಿ. ನಿಮ್ಮ ಪರವಾಗಿ ಅವರು ಹೇಳಬೇಕಾದ ಒಂದು ನಿಜವಾದ ಘಟನೆ ಆ ಹಾಳೆಯಲ್ಲಿ ಇರಲಿ. ಪತ್ರವನ್ನು ನೀವೇ ಬರೆದು ಸಹಿ ಹಾಕಿಸಿಕೊಳ್ಳಬೇಡಿ. ಓದುವವರಿಗೆ ಅದು ಎರಡೇ ಸಾಲಿನಲ್ಲಿ ಗೊತ್ತಾಗುತ್ತದೆ.

ಎನ್‌ಒಸಿ (ಕಾಲೇಜಿನ ಅಭ್ಯಂತರ ಇಲ್ಲ ಎಂಬ ಪತ್ರ), ಬೋನಫೈಡ್ (ಇಲ್ಲಿಯ ವಿದ್ಯಾರ್ಥಿ ಎಂಬ ಪ್ರಮಾಣಪತ್ರ) ಎರಡಕ್ಕೂ ಎಚ್‌ಒಡಿ, ಪ್ರಿನ್ಸಿಪಾಲ್ ಸಹಿ ಬೇಕು. ಡಿಸೆಂಬರ್‌ನಲ್ಲೇ ಮಾದರಿ ಪ್ರತಿ ತಯಾರು ಮಾಡಿಟ್ಟುಕೊಳ್ಳಿ.

ದೊಡ್ಡ ತೊಡಕು ಪರೀಕ್ಷೆಯದ್ದು. ವಿಟಿಯು ಸಮ ಸೆಮಿಸ್ಟರಿನ ಪರೀಕ್ಷೆಗಳು ಎಷ್ಟೋ ಸಲ ಜೂನ್, ಜುಲೈಗೆ ಬಂದು ಬೀಳುತ್ತವೆ. ಐಐಟಿಗಳಿಗೆ ಮೇ ತಿಂಗಳಲ್ಲೇ ರಜೆ. ಸ್ವಾಯತ್ತ ಕಾಲೇಜುಗಳ ವೇಳಾಪಟ್ಟಿ ಇನ್ನೊಂದು ರೀತಿ. ಇದನ್ನು ಮುಚ್ಚಿಟ್ಟು ಹೋಗಿ, ನಡುವೆ ಪರೀಕ್ಷೆ ಬಂತು ಎಂದು ಹೇಳಿದರೆ ಗೈಡ್‌ಗೂ ಕಷ್ಟ, ಮುಂದಿನ ವರ್ಷ ಬರುವ ನಮ್ಮ ಮಕ್ಕಳಿಗೂ ಕಷ್ಟ. ಮೊದಲ ಪತ್ರದಲ್ಲೇ ದಿನಾಂಕ ಬರೆಯಿರಿ. "ಪರೀಕ್ಷೆಯ ವಾರ ಊರಿಗೆ ಹೋಗಿಬರುತ್ತೇನೆ, ಆ ವಾರವನ್ನು ಕೊನೆಯಲ್ಲಿ ಸೇರಿಸಿಕೊಳ್ಳುತ್ತೇನೆ" ಎಂದರೆ ಬಹಳಷ್ಟು ಜನ ಒಪ್ಪುತ್ತಾರೆ.

ಹಂತ 7: ದುಡ್ಡು, ಮತ್ತು ಮೋಸ

ಹೊರ ಊರಿಗೆ ಹೋಗುವವರು ಲೆಕ್ಕ ಹಾಕಿಕೊಂಡೇ ಹೊರಡಿ. ಸ್ಟೈಪೆಂಡ್ ಬಹಳ ಸಲ ಕೊನೆಯಲ್ಲಿ ಒಟ್ಟಿಗೆ ಬರುತ್ತದೆ. ಮೊದಲ ತಿಂಗಳ ಮೆಸ್, ರೈಲು, ಹಾಸ್ಟೆಲ್ ಠೇವಣಿ ಕೈಯಿಂದಲೇ ಆಗಬೇಕು. ಮನೆಯಲ್ಲಿ ಮೊದಲೇ ಹೇಳಿ. ಅಪ್ಪ, ಅವ್ವಗೆ "ಇದು ನೌಕರಿ ಅಲ್ಲ, ಆದರೆ ಮುಂದಿನ ಓದಿಗೆ ದಾರಿ" ಎಂದು ಕೂತು ವಿವರಿಸಿ. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಮನೆಯಾದರೆ ಹಾಸ್ಟೆಲ್ ವಿವರ, ಗೈಡ್ ಹೆಸರು, ಆಫೀಸಿನ ನಂಬರ್ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅವರಿಗೂ ಧೈರ್ಯ.

ಹಾಸ್ಟೆಲ್, ಊಟಕ್ಕೆ ಹಣ ತೆಗೆದುಕೊಳ್ಳುವುದು ಬೇರೆ. "ಇಷ್ಟು ಸಾವಿರ ಕಟ್ಟಿ, ಆನ್‌ಲೈನ್ ರಿಸರ್ಚ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಗ್ಯಾರಂಟಿ, ಪೇಪರ್ ಪಬ್ಲಿಷ್ ಗ್ಯಾರಂಟಿ" ಎನ್ನುವುದು ಬೇರೆ. ಪೇಪರ್ ಪ್ರಕಟವಾಗುತ್ತದೆ ಎಂದು ಕೆಲಸ ಶುರುವಾಗುವ ಮೊದಲೇ ಯಾರೂ ಹೇಳಲಾರರು. ಹಾಗೆ ಹೇಳಿದರೆ ಅದು ವ್ಯಾಪಾರ. ಎರಡು ದಿನದಲ್ಲಿ ಒಪ್ಪಿಗೆ ಕೊಟ್ಟು ಹಣ ಕೇಳುವ ಪತ್ರಿಕೆಗಳಲ್ಲಿ ನಿಮ್ಮ ಹೆಸರು ಬಂದರೆ ಮುಂದೆ ಅದನ್ನು ಸಿವಿಯಿಂದ ತೆಗೆಯುವುದೇ ಒಂದು ಕೆಲಸವಾಗುತ್ತದೆ.

ಹಂತ 8: ಲ್ಯಾಬ್‌ನಲ್ಲಿ ಕೂತ ಮೇಲೆ

ಮೊದಲ ದಿನ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಸಂಜೆ ಮೂರು ಸಾಲು: ಇವತ್ತು ಏನು ಮಾಡಿದೆ, ಏನಾಯಿತು, ನಾಳೆ ಏನು. ಗೈಡ್ ವಾರಕ್ಕೆ ಅರ್ಧ ಗಂಟೆ ಕೊಡಬಹುದು, ಉಳಿದ ಹೊತ್ತು ಪಿಎಚ್‌ಡಿ ವಿದ್ಯಾರ್ಥಿಗಳೇ ನಿಮ್ಮ ಗುರುಗಳು. ಅವರ ಜೊತೆ ಚಹಾ ಕುಡಿಯಲು ಹೋಗಿ. ಇಂಗ್ಲಿಷ್ ಮಾತಾಡಲು ಅಂಜಿ ಬಾಯಿ ಮುಚ್ಚಿಕೊಂಡು ಕೂರುವ ಮಕ್ಕಳು ನಮ್ಮ ಕಡೆ ಜಾಸ್ತಿ, ನನಗೆ ಅದು ಗೊತ್ತು. ಕೇಳಬೇಕಾದ ಪ್ರಶ್ನೆಯನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿ ಓದಿ. ಎರಡು ಗಂಟೆ ನೀವೇ ಪ್ರಯತ್ನಿಸಿ, ಆಗಲಿಲ್ಲ ಅಂದರೆ ಕೇಳಿ. ಎರಡು ದಿನ ಕಾಯಬೇಡಿ.

ಎರಡನೇ ವಾರದ ಕೊನೆಗೆ ಒಂದು ಪುಟದಲ್ಲಿ "ನಾನು ಮಾಡಬೇಕಾದದ್ದು ಇದೇ ಅಲ್ವಾ?" ಎಂದು ಬರೆದು ಗೈಡ್‌ಗೆ ತೋರಿಸಿ. ಅರ್ಧ ಜನರ ಬೇಸಿಗೆ ಹಾಳಾಗುವುದು ತಪ್ಪು ಪ್ರಶ್ನೆಯ ಹಿಂದೆ ಆರು ವಾರ ಓಡಿದ್ದಕ್ಕೆ.

ಹೊರಡುವ ಹಿಂದಿನ ವಾರ ಹೊಸ ಪ್ರಯೋಗ ನಿಲ್ಲಿಸಿ. ಕೋಡ್, ಡೇಟಾ ಎಲ್ಲಿದೆ, ಯಾವ ಪ್ರಯೋಗಕ್ಕೆ ಯಾವ ಫೈಲ್, ಯಾವುದು ಕೆಲಸ ಮಾಡಲಿಲ್ಲ, ಇಷ್ಟನ್ನು ಮುಂದೆ ಬರುವವರಿಗೆ ಗೊತ್ತಾಗುವ ಹಾಗೆ ಬರೆದು ಒಪ್ಪಿಸಿ. ಊರಿಗೆ ಬಂದ ಮೇಲೆ ಒಂದು ಧನ್ಯವಾದದ ಮೇಲ್ ಕಳಿಸಿ. ಅದರಲ್ಲೇ, ಮುಂದೆ ಉನ್ನತ ಓದಿಗೆ ಅರ್ಜಿ ಹಾಕುವಾಗ ಶಿಫಾರಸು ಬರೆದುಕೊಡುವಿರಾ ಎಂದು ಕೇಳಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಕೇಳಿದರೆ ನಿಮ್ಮ ಕೆಲಸ ಅವರಿಗೆ ಇನ್ನೂ ನೆನಪಿರುತ್ತದೆ. ಬರುವ ದಸರಾ ಹೊತ್ತಿಗೆ ನಿಮ್ಮ ಎರಡನೇ ವರ್ಷದ ಜೂನಿಯರ್ ಒಬ್ಬನನ್ನು ಕರೆದು, ನಿಮ್ಮ ಆ ನೋಟ್‌ಬುಕ್ ಮತ್ತು ಕಳಿಸಿದ ಪತ್ರಗಳ ಪ್ರತಿ ಅವನ ಕೈಗೆ ಕೊಡಿ.